ಸುಣ್ಣ ಹಚ್ಚಿದ ಕೋಣೆ ದೊಡ್ಡದಾಗಿ ಕಾಣುವುದೇಕೆ?

ಮಹಾನವಮಿ ಹತ್ತಿರವಾದಂತೆ ಸವದತ್ತಿ ಸೀಮೆಯಲ್ಲಿ ಮನೆಗಳಿಗೆ ಸುಣ್ಣ ಹಚ್ಚುವ ಸಡಗರ. ಎಲ್ಲಮ್ಮನ ಗುಡ್ಡದ ಸಮೀಪದ ಉಗರಗೋಳದಲ್ಲೂ ಪಡಸಾಲೆಯ ಸಾಮಾನುಗಳು ಅಂಗಳಕ್ಕೆ ಬರುತ್ತವೆ. ಕೆಲಸ ಮುಗಿದು ಅವು ಮತ್ತೆ ಒಳಗೆ ಸೇರಿದ ಮೇಲೆ ಮನೆಯವರಿಗೊಂದು ಸೋಜಿಗ. ಅದೇ ಕೋಣೆ, ಅದೇ ಸಾಮಾನು. ಆದರೂ ಜಾಗ ಹೆಚ್ಚಾದಂತೆ ತೋರುತ್ತದೆ. ಇದು ಬರಿಯ ಭ್ರಮೆಯೆ?

ಭ್ರಮೆ ಹೌದು, ಆದರೆ ಅದಕ್ಕೆ ಗಟ್ಟಿ ಕಾರಣವುಂಟು. ಈ ಸೀಮೆಯ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ದಪ್ಪ, ಕಿಟಕಿ ಸಣ್ಣದು. ಬೆಳಕಿಂಡಿಯಿಂದ ಇಳಿದ ಬೆಳಕು ಗೋಡೆಯಿಂದ ಗೋಡೆಗೆ ಪುಟಿಯುತ್ತ ಮೂಲೆ ಸೇರಬೇಕು. ಬಿಳಿ ಸುಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 80ರಷ್ಟನ್ನು ಹಿಂದಿರುಗಿಸುತ್ತದೆ. ಮೂರು ಸಲ ಪುಟಿದ ಮೇಲೂ ಅರ್ಧದಷ್ಟು ಉಳಿದಿರುತ್ತದೆ. ಶೇಕಡಾ 40ರಷ್ಟನ್ನು ಮಾತ್ರ ಹಿಂದಿರುಗಿಸುವ ಗಾಢ ಬಣ್ಣವಾದರೆ ಉಳಿಯುವುದು ಕೇವಲ ಶೇಕಡಾ 6! ಮೂಲೆ ಕತ್ತಲಾದರೆ ಕೋಣೆಯೇ ಕುಗ್ಗಿದಂತೆ ಅನಿಸುತ್ತದೆ.

ಛಾವಣಿಯನ್ನೂ ಮರೆಯಬಾರದು. ಜರ್ಮನಿಯ ಮೈನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಛಾವಣಿಯ ಒಳಮೈ ತಿಳಿಯಾಗಿದ್ದಾಗ ಕೋಣೆ ಹೆಚ್ಚು ಎತ್ತರವಾಗಿ ಕಂಡಿತು. ಗೋಡೆಗಳು ತಿಳಿಯಾಗಿದ್ದರೂ ಹಾಗೆಯೇ. ನೆಲದ ಬಣ್ಣದಿಂದ ಮಾತ್ರ ವ್ಯತ್ಯಾಸವಾಗಲಿಲ್ಲ. ಆದ್ದರಿಂದ ಹೊಗೆಯಿಂದ ಕಪ್ಪಾದ ಜಂತಿಗಳನ್ನು ಒರೆಸಿ, ನಡುವಿನ ಹಲಗೆಗಳಿಗೂ ಸುಣ್ಣ ಹಚ್ಚುವುದು ಲೇಸು. ಗೋಡೆಯ ಬುಡಕ್ಕೆ ಬಳಿಯುವ ಕೆಮ್ಮಣ್ಣಿನ ಪಟ್ಟಿ ಗೇಣುದ್ದವಿದ್ದರೆ ಸಾಕು.

ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುವುದು ಹಳದಿ ಛಾಯೆಯನ್ನು ಮರೆಸುವುದಕ್ಕೆ. ಅದು ಹೆಚ್ಚಾದರೆ ಬೆಳಕಿಗೇ ನಷ್ಟ.

ಈಚೆಗೆ ಕೆಲವರು ಸಾಲ ಮಾಡಿಯಾದರೂ ಹೊಳೆಯುವ ಎಣ್ಣೆ ಬಣ್ಣ ಹಚ್ಚಿಸುತ್ತಾರೆ. ಮಣ್ಣಿನ ಗೋಡೆಗೆ ಇದು ಹೊಂದದು. ಗೋಡೆಯೊಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಬಣ್ಣ ಹಕ್ಕಳೆಯೇಳುತ್ತದೆ. ಸುಣ್ಣವಾದರೋ ತೇವಕ್ಕೆ ದಾರಿ ಬಿಡುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಗಟ್ಟಿಯಾಗುತ್ತದೆ. ಹಚ್ಚಿದಾಗ ಮಂಕಾಗಿದ್ದದ್ದು ಒಣಗಿದ ಮೇಲೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿದ್ದಾರೆ. ಹಚ್ಚುವಾಗ ಕಣ್ಣಿಗೆ ಸಿಡಿಯದಂತೆ ಮಾತ್ರ ಎಚ್ಚರವಿರಲಿ. ಸುಣ್ಣ ಕಣ್ಣು ಸುಡುತ್ತದೆ.

ಅಳತೆಪಟ್ಟಿ ಹಿಡಿದರೆ ಹತ್ತು ಅಡಿಯ ಕೋಣೆ ಹತ್ತೇ ಅಡಿ. ಆದರೆ ಹಗಲಿನಲ್ಲೂ ದೀಪ ಬೇಡುತ್ತಿದ್ದ ಮೂಲೆಯಲ್ಲಿ ಮಗುವೊಂದು ಪುಸ್ತಕ ಹಿಡಿದು ಕುಳಿತರೆ, ಅಷ್ಟು ಜಾಗ ಮನೆಗೆ ನಿಜವಾಗಿಯೂ ಸಿಕ್ಕಂತೆಯೇ. ಅದನ್ನು ಭ್ರಮೆಯೆನ್ನಲಾಗದು.