ಔಷಧದ ಹಾಲು ಬೀದಿ ನಾಯಿಗೆ ಬೇಡ, ಸತ್ತ ಕೋಳಿ ಕೆರೆಗೆ ಬೇಡ

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯ ರೈತರಲ್ಲಿ, ಕೋಳಿ ಸಾಕುವವರಲ್ಲಿ, ಔಷಧ ಅಂಗಡಿಯವರಲ್ಲಿ ಮನವಿ

ಹಸುವಿಗೆ ಕೆಚ್ಚಲು ಬಾವು ಬಂದರೆ ಆಂಟಿಬಯಾಟಿಕ್ ಕೊಡಿಸುತ್ತೇವೆ. ಆ ಹಾಲನ್ನು ಡೈರಿಗೆ ಹಾಕುವಂತಿಲ್ಲ, ಎಲ್ಲರಿಗೂ ಗೊತ್ತು. ಹಾಗಾದರೆ ಅದು ಹೋಗುವುದೆಲ್ಲಿಗೆ? ಕರುವಿಗೆ, ಚರಂಡಿಗೆ, ಬೀದಿ ನಾಯಿಗೆ. ಹಾಲಲ್ಲಿ ಉಳಿದ ಔಷಧ ನಾಯಿಯ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಮೆತ್ತನೆಯವನ್ನು ಕೊಂದು, ಔಷಧಕ್ಕೆ ಬಗ್ಗದವನ್ನು ಉಳಿಸುತ್ತದೆ. ಉಳಿದವೇ ಬೆಳೆಯುತ್ತವೆ. ಆ ನಾಯಿಯನ್ನು ರಾತ್ರಿ ಚಿರತೆ ಹೊತ್ತೊಯ್ಯುತ್ತದೆ.

ನಮ್ಮ ಗುಡ್ಡಗಳ ಚಿರತೆಗೆ ಯಾರೂ ಮಾತ್ರೆ ಕೊಟ್ಟಿಲ್ಲ. ಆದರೂ ಮದ್ದಿಗೆ ಮಣಿಯದ ರೋಗಾಣು ಅದರ ಹೊಟ್ಟೆ ಸೇರುವ ದಾರಿಯನ್ನು ನಾವೇ ತೆರೆದಿಟ್ಟಿದ್ದೇವೆ. ದೇವಸ್ಥಾನದ ಸುತ್ತ ಎಂಜಲು ಆಯುವ ಕೋತಿಗೂ, ಬೇಲೂರಿನ ಕಾಫಿತೋಟದ ಕೆರೆಗಿಳಿಯುವ ಆನೆಗೂ ಅದೇ ದಾರಿ. ಪ್ರಪಂಚದ ನಾನಾ ಕಡೆ ಕಡಲಹಕ್ಕಿ, ನರಿ, ಕಾಡುಹಂದಿಗಳ ಹಿಕ್ಕೆಯಲ್ಲಿ ಇಂಥ ಬ್ಯಾಕ್ಟೀರಿಯಾ ಸಿಕ್ಕಿವೆ. ಮದ್ದಿಗೆ ಬಗ್ಗದ ಈ ಗುಣ ಒಂದು ಜಾತಿಯ ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೂ ದಾಟುತ್ತದೆ. ಹಕ್ಕಿ ಹಾರಿದಷ್ಟು, ಆನೆ ನಡೆದಷ್ಟು ದೂರ ಹರಡಿ ಮತ್ತೆ ನಮ್ಮ ನೀರಿಗೇ ಬರಬಲ್ಲದು. 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಮದ್ದಿಗೆ ಬಗ್ಗದ ಸೋಂಕಿನಿಂದಲೇ ಸತ್ತರೆಂಬ ಅಂದಾಜಿದೆ.

ದನದ ಔಷಧ ಕಾಡಿನ ಜೀವವನ್ನು ತಟ್ಟಿದ್ದು ಇದೇ ಮೊದಲಲ್ಲ. ನೋವು ಕಳೆಯಲು ಕೊಡುತ್ತಿದ್ದ ಡೈಕ್ಲೋಫೆನಾಕ್, ಸತ್ತ ದನದ ಮಾಂಸ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿತು. 2006ರಲ್ಲಿ ನಿಷೇಧ ಬರುವಷ್ಟರಲ್ಲಿ ದೇಶದ ಬಹುಪಾಲು ರಣಹದ್ದುಗಳು ಮುಗಿದಿದ್ದವು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. ಇನ್ನು ಕೋಳಿಯ ವಿಷಯ: ಮನುಷ್ಯರಿಗೆ ಬೇರೇನೂ ನಾಟದಾಗ ವೈದ್ಯರು ಕೈಹಾಕುವ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ಕನ್ನು ಕೋಳಿ ಬೇಗ ತೂಗಲೆಂದು ಮೇವಿಗೆ ಬೆರೆಸುತ್ತಿದ್ದರು! ಅದಕ್ಕೂ 2019ರಲ್ಲಿ ನಿಷೇಧ ಬಂತು. ಮೇವಿನ ಚೀಲದ ಮೇಲೇನು ಬರೆದಿದೆ, ಕೊಳ್ಳುವ ಮೊದಲು ಓದಿ.

ಡಾಕ್ಟರು ಹೇಳಿದಷ್ಟು ದಿನ ಔಷಧ ಕೊಟ್ಟ ಹಸುವಿನ ಹಾಲನ್ನು ಕೆರೆ, ಬಾವಿಯಿಂದ ದೂರ ಗುಂಡಿಗೆ ಸುರಿದು ಮಣ್ಣು ಮುಚ್ಚಿ. ಸತ್ತ ಕೋಳಿ, ಕರುವನ್ನು ಕೆರೆ ಏರಿಗೂ ಗುಡ್ಡದ ಬುಡಕ್ಕೂ ಎಸೆಯಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ. ಪೊಟ್ಟಣದ ಮೇಲೆ ಕೆಂಪು ಗೆರೆಯಿರುವ ಮಾತ್ರೆಯನ್ನು ಡಾಕ್ಟರ ಚೀಟಿಯಿಲ್ಲದೆ ಕೇಳಬೇಡಿ, ಅಂಗಡಿಯವರೇ, ಕೊಡಬೇಡಿ.

ಹಟ್ಟಿಯಲ್ಲಿ ದನ ಒದ್ದಾಡುತ್ತಿರುವಾಗ ಡಾಕ್ಟರು ಸಿಗದ ರೈತನ ಸಂಕಟ ನಿಜವಾದದ್ದು. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962 ಒತ್ತಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಸತ್ತ ಪ್ರಾಣಿ ಹೂಳಲು ಪಂಚಾಯಿತಿ ಜಾಗ ಗುರುತಿಸಲಿ, ಖಾಲಿಯಿರುವ ಪಶುವೈದ್ಯರ ಹುದ್ದೆಯನ್ನು ಸರ್ಕಾರ ತುಂಬಲಿ. ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಸಿಯೇ ಮನೆಗೆ ಬನ್ನಿ.