ಮಣ್ಣು, ಕೈ ಮತ್ತು ಮನಸ್ಸು

ಮನುಷ್ಯನು ಕಲಿತ ಕಸುಬುಗಳಲ್ಲಿ ಕುಂಬಾರಿಕೆ ಬಹಳ ಹಳೆಯದು. ಅಕ್ಷರಗಳನ್ನು ಕಂಡುಕೊಳ್ಳುವುದಕ್ಕೆ ಸಾವಿರಾರು ವರ್ಷಗಳ ಮೊದಲೇ ಅವನು ಮಣ್ಣನ್ನು ನಾದಿ, ರೂಪಕೊಟ್ಟು, ಬೆಂಕಿಯಲ್ಲಿ ಸುಟ್ಟು ಗಟ್ಟಿಮಾಡುವುದನ್ನು ಅರಿತಿದ್ದನು. ನೀರು ತರಲು ಕೊಡ, ಅನ್ನ ಬೇಯಿಸಲು ಮಡಕೆ, ಕಾಳು ತುಂಬಲು ಗುಡಾಣ, ದೀಪ ಹಚ್ಚಲು ಹಣತೆ, ಮದುವೆಯ ಮನೆಗೆ ಚಿತ್ತಾರ ಬರೆದ ಐರಣಿಯ ಮಡಕೆ, ಮಸಣದ ದಾರಿಯಲ್ಲಿ ಹಿಡಿದು ನಡೆಯಲು ಬೆಂಕಿಯ ಕುಡಿಕೆ: ಹೀಗೆ ನಮ್ಮ ಹಿರಿಯರ ಬಾಳು ಹುಟ್ಟಿನಿಂದ ಸಾವಿನವರೆಗೆ ಮಣ್ಣಿನ ಪಾತ್ರೆಗಳ ನಡುವೆಯೇ ಸಾಗುತ್ತಿತ್ತು.

ಇಂದು ಆ ಕಾಲ ಹೋಗಿದೆ. ಅಲ್ಯೂಮಿನಿಯಂ, ಉಕ್ಕು, ಪ್ಲಾಸ್ಟಿಕ್ಕುಗಳು ಅಡಿಗೆಮನೆಯನ್ನು ತುಂಬಿವೆ. ದೀಪಾವಳಿಗೆ ನಾಲ್ಕು ಹಣತೆ, ಬೇಸಿಗೆಗೆ ಒಂದು ಹೂಜಿ, ಇಷ್ಟಕ್ಕೆ ಮಾತ್ರ ನಮಗೆ ಕುಂಬಾರರ ನೆನಪು ಬರುತ್ತದೆ. ಇಂತಹ ಕಾಲದಲ್ಲಿ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಜೇಡಿಮಣ್ಣನ್ನು ಮುಟ್ಟಿ, ತನ್ನದೇ ಆದ ಒಂದು ವಸ್ತುವನ್ನು ಮಾಡಬೇಕಾದ ಅಗತ್ಯವೇನಿದೆ? ಅಗತ್ಯವಿದೆ ಎಂಬುದೇ ನನ್ನ ಅಭಿಪ್ರಾಯ. ಏಕೆಂದರೆ ಪುಸ್ತಕವು ಕೇಳದ ಕೆಲವು ಪ್ರಶ್ನೆಗಳನ್ನು ಕೈ ಕೇಳುತ್ತದೆ.

ಮೊದಲು ಒಂದು ಹಳೆಯ ಸಂಗತಿಯನ್ನು ನೋಡೋಣ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ ಎಂಬ ಸ್ಥಳವಿದೆ. 1947ರಲ್ಲಿ ಪುರಾತತ್ತ್ವಜ್ಞರಾದ ಮಾರ್ಟಿಮರ್ ವೀಲರ್ ಅವರು ಅಲ್ಲಿ ಭೂಶೋಧನೆ ನಡೆಸಿದರು. ದೊಡ್ಡ ಕಲ್ಲುಚಪ್ಪಡಿಗಳಿಂದ ಕಟ್ಟಿದ ಗೋರಿಗಳೊಳಗೆ ಸತ್ತವರ ಎಲುಬುಗಳ ಜೊತೆಯಲ್ಲಿ ಮಡಕೆ ಕುಡಿಕೆಗಳು ದೊರೆತವು. ಅವುಗಳಲ್ಲಿ ಹಲವು ಎರಡು ಬಣ್ಣದವು. ಒಳಗೂ ಕಂಠದ ಸುತ್ತಲೂ ಕಪ್ಪು, ಹೊರಮೈಯ ಕೆಳಭಾಗ ಕೆಂಪು. ಕೆಲವು ಪಾತ್ರೆಗಳ ಮೇಲೆ ಗೀರಿದ ಗುರುತುಗಳೂ ಇದ್ದವು. ಆ ಗುರುತುಗಳ ಅರ್ಥವನ್ನು ಇಂದಿಗೂ ಯಾರೂ ನಿಶ್ಚಯವಾಗಿ ಹೇಳಲಾರರು. ಆ ಜನರ ಹೆಸರು ನಮಗೆ ಗೊತ್ತಿಲ್ಲ, ಅವರ ಭಾಷೆ ಗೊತ್ತಿಲ್ಲ. ಆದರೆ ತಮ್ಮವರನ್ನು ಬರಿಗೈಯಲ್ಲಿ ಕಳುಹಿಸಲು ಅವರಿಗೆ ಮನಸ್ಸಾಗಲಿಲ್ಲ ಎಂಬುದನ್ನು ಆ ಮಡಕೆಗಳು ಹೇಳುತ್ತವೆ. ಮಣ್ಣಿನ ಪಾತ್ರೆ ಎಂದಿಗೂ ಬರಿಯ ಪಾತ್ರೆಯಾಗಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಇನ್ನು ನಮ್ಮ ಮಲೆನಾಡಿನ ಅಂಚಿಗೆ ಬರೋಣ. ಹಾಸನ ಜಿಲ್ಲೆಯ ಸಕಲೇಶಪುರ, ಆಲೂರು ತಾಲ್ಲೂಕುಗಳ ಗುಡ್ಡಗಳ ಮೇಲೆ ಕಾಫಿ, ಏಲಕ್ಕಿ, ಮೆಣಸು ಬೆಳೆಯುತ್ತವೆ, ತಗ್ಗುಗಳಲ್ಲಿ ಗದ್ದೆಗಳಿವೆ. ಗುಡ್ಡದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಆ ಮಣ್ಣಿನಿಂದ ನೇರವಾಗಿ ಮಡಕೆಯಾಗದು. ಮಳೆಯ ನೀರು ತೊಳೆದು ತಂದ ಅತಿಸಣ್ಣ ಕಣಗಳು ಕೆರೆಯಂಗಳದಲ್ಲಿಯೋ ಹೊಳೆಯ ತಗ್ಗಿನಲ್ಲಿಯೋ ನಿಧಾನವಾಗಿ ತಂಗಿ ಜೇಡಿಯಾಗುತ್ತವೆ. ಅದೇ ಕುಂಬಾರರ ಮಣ್ಣು. ಇಲ್ಲಿಯ ಮಳೆಗಾಲ ದೀರ್ಘವಾದುದು. ಹಸಿಮಡಕೆ ಒಣಗುವುದಿಲ್ಲ, ಸೌದೆ ಹತ್ತಿಕೊಳ್ಳುವುದಿಲ್ಲ. ಆದುದರಿಂದ ತಿಗರಿ ತಿರುಗುವುದೂ ಆವಿಗೆ ಉರಿಯುವುದೂ ಬಹುಮಟ್ಟಿಗೆ ಬಿಸಿಲಿನ ತಿಂಗಳುಗಳಲ್ಲಿಯೇ.

ಇಲ್ಲಿಯ ಹಳೆಯ ಮನೆಗಳ ಮಾಡುಗಳ ಮೇಲೆ ಮಂಗಳೂರು ಹೆಂಚನ್ನು ಕಾಣುತ್ತೇವೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಂದಿನಿಂದ ಒಂದೇ ಅಚ್ಚಿನ ಹೆಂಚುಗಳು ಕರಾವಳಿಯಿಂದ ಘಟ್ಟವನ್ನೇರಿ ಬಂದು ಮಲೆನಾಡಿನ ಮನೆಗಳನ್ನು ಮಳೆಯಿಂದ ಕಾದವು. ಅವುಗಳ ಉಪಕಾರ ದೊಡ್ಡದು. ಹೆಂಚನ್ನು ತಿರುಗಿಸಿ ನೋಡಿದರೆ ಅದನ್ನು ಮಾಡಿದ ಕಾರ್ಖಾನೆಯ ಹೆಸರು ಅಚ್ಚಾಗಿರುವುದು ಕಾಣುತ್ತದೆ. ಕೈಯಿಂದ ಮಾಡಿದ ಕುಡಿಕೆಯಲ್ಲಿ ಹೆಸರಿರುವುದಿಲ್ಲ. ಮಾಡಿದವರ ಬೆರಳಿನ ಗುರುತು ಇರುತ್ತದೆ. ಒಂದು ಹೆಂಚು ಒಡೆದರೆ ಅದರಂತಹುದೇ ಇನ್ನೊಂದನ್ನು ತಂದು ಹೊದಿಸಬಹುದು. ಆದರೆ ಕೆಲವು ವಸ್ತುಗಳಿಗೆ ಬದಲಿಲ್ಲ. ಅವು ಯಾವುವು, ಅವುಗಳಿಗೆ ಆ ಬೆಲೆ ಎಲ್ಲಿಂದ ಬಂದಿತು ಎಂಬುದನ್ನು ಒಂದು ನಿದರ್ಶನದಿಂದ ತಿಳಿಯಬಹುದು.

ನಾನು ಆಲೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಕನಾಗಿದ್ದಾಗ, ಒಂದು ಬೇಸಿಗೆಯ ರಜೆಗೆ ಒಂಬತ್ತನೆಯ ತರಗತಿಯ ಮಕ್ಕಳಿಗೆ ಒಂದು ಕೆಲಸವನ್ನು ಕೊಟ್ಟಿದ್ದೆನು. ತಮ್ಮ ಮನೆಗೆ ಸಂಬಂಧಪಟ್ಟ ಯಾವುದಾದರೂ ಒಂದು ವಸ್ತುವನ್ನು ಮಣ್ಣಿನಲ್ಲಿ ಮಾಡಬೇಕು. ಮಾಡಿದ ಮೇಲೆ ಅದರ ವಿಷಯವಾಗಿ ಎರಡು ಪುಟ ಬರೆಯಬೇಕು. ನೆರೆಯೂರಿನ ಹಿರಿಯ ಕುಂಬಾರರೊಬ್ಬರು ತಮ್ಮ ಆವಿಗೆಯಲ್ಲಿ ಅವನ್ನು ಸುಟ್ಟುಕೊಡಲು ಒಪ್ಪಿದ್ದರು. ಹಲವರು ಹಣತೆ ಮಾಡಿದರು, ಕೆಲವರು ಎತ್ತು ಮಾಡಿದರು. ಒಬ್ಬ ಹುಡುಗಿ ಮಾತ್ರ ಗೇಣುದ್ದದ ಒಂದು ಗುಡಾಣವನ್ನು ಮಾಡಿದಳು.

ಅದಕ್ಕೆ ಕಾರಣವಿತ್ತು. ಗೊರೂರಿನ ಬಳಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅದರಿಂದ ದೂರದೂರದ ಹೊಲಗದ್ದೆಗಳಿಗೆ ನೀರು ದೊರೆಯಿತು. ಹಿಂದೆ ಸರಿದು ನಿಂತ ನೀರಿನಲ್ಲಿ ಅನೇಕ ಹಳ್ಳಿಗಳು ಮುಳುಗಿದವು. ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮತ್ತೆ ಮೇಲೇಳುವ ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಆ ಹುಡುಗಿಯ ಅಜ್ಜಿಯ ಊರೂ ಹಾಗೆಯೇ ನೀರಿನಡಿಗೆ ಹೋದ ಊರುಗಳಲ್ಲಿ ಒಂದು. ಅಜ್ಜಿಯ ಮನೆಯ ಒಳಕೋಣೆಯಲ್ಲಿ ಮೂರು ಗುಡಾಣಗಳು ಸಾಲಾಗಿ ನಿಂತಿದ್ದವಂತೆ; ಒಂದರಲ್ಲಿ ಭತ್ತ, ಒಂದರಲ್ಲಿ ರಾಗಿ, ಒಂದರಲ್ಲಿ ಹುರುಳಿ. ಊರು ಬಿಡುವಾಗ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿ ಗಾಡಿಗೆ ಹೇರಿದರು. ಗುಡಾಣಗಳನ್ನು ಗಾಡಿಯಲ್ಲಿ ತಂದರೆ ದಾರಿಯಲ್ಲಿ ಒಡೆಯುತ್ತವೆ ಎಂದು ಅಲ್ಲಿಯೇ ಬಿಟ್ಟು ಬಂದರು.

ಹುಡುಗಿಯು ಬೇಸಿಗೆಯಲ್ಲಿ ನೀರು ಇಳಿದ ಕಡೆ ಹೋಗಿ ಆ ಅಂಗಳದ ಜೇಡಿಯನ್ನೇ ತಂದಳು. ಮೊದಲನೆಯ ಗುಡಾಣ ನೆರಳಿನಲ್ಲಿ ಒಣಗುವಾಗಲೇ ಸೀಳಿತು. ಅಂಟು ಹೆಚ್ಚಾಗಿದ್ದ ಮಣ್ಣಿಗೆ ಸಣ್ಣ ಮರಳು ಬೆರೆಸಬೇಕೆಂದು ಕುಂಬಾರರು ಹೇಳಿಕೊಟ್ಟರು. ಎರಡನೆಯದು ಆವಿಗೆಯಲ್ಲಿ ಒಡೆಯಿತು. ತಳ ದಪ್ಪವಾಗಿತ್ತು, ಒಳಗೆ ಪಸೆ ಉಳಿದಿತ್ತು. ಮೂರನೆಯದು ಉಳಿಯಿತು. ಅದರ ಬಾಯಿ ಒಂದು ಕಡೆಗೆ ಸ್ವಲ್ಪ ವಾಲಿತ್ತು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, ಒಳಗೆ ಎರಡು ಬೆರಳು ಇಳಿಸಿ ನೋಡಿ, ಏನೂ ಹೇಳದೆ ಒಂದು ಹಿಡಿ ರಾಗಿಯನ್ನು ತಂದು ತುಂಬಿದರಂತೆ.

ಶಾಲೆ ತೆರೆದ ಮೇಲೆ ಆ ಹುಡುಗಿ ಬರೆದು ತಂದ ಎರಡು ಪುಟಗಳಲ್ಲಿ ಒಂದು ವಿಚಾರವಿತ್ತು. ಅಜ್ಜಿಯ ಊರಿನ ಕಥೆಯನ್ನು ತಾನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದರೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲವೆಂದು ಅವಳು ಬರೆದಿದ್ದಳು. ಗುಡಾಣ ಮಾಡಲು ಕುಳಿತಾಗ ಪ್ರಶ್ನೆಗಳು ತಾವಾಗಿ ಬಂದವು. ಕಂಠ ಎಷ್ಟು ಅಗಲವಿತ್ತು? ಕಾಳನ್ನು ಮೇಲಿಂದ ತೆಗೆಯುತ್ತಿದ್ದರೋ, ಕೆಳಗೆ ತೂತು ಇತ್ತೋ? ಹುಳು ಹಿಡಿಯದಂತೆ ಬಾಯಿಗೆ ಏನನ್ನು ಮೆತ್ತುತ್ತಿದ್ದರು? ಅದನ್ನು ಮಾಡಿಕೊಟ್ಟ ಕುಂಬಾರರ ಮನೆಯವರು ಎಲ್ಲಿಗೆ ಹೋದರು? ಒಂದೊಂದು ಪ್ರಶ್ನೆಗೂ ಅಜ್ಜಿ ಒಂದೊಂದು ಸಂಜೆ ಮಾತನಾಡಿದರು. ತಾನು ಕಾಣದ ಊರನ್ನು ತನ್ನ ಕೈ ಕಂಡಂತಾಯಿತು ಎಂದು ಹುಡುಗಿ ಬರೆದಿದ್ದಳು.

ಈ ಮಾತನ್ನು ನಾವು ಆಲೋಚಿಸಬೇಕು. ವಸ್ತುವಿಗೆ ಅರ್ಥ ಬರುವುದು ಹೇಗೆ? ಪೇಟೆಯಲ್ಲಿ ಕೊಂಡ ಬಟ್ಟಲಿನ ಮೇಲೆ ನಮ್ಮ ಹೆಸರನ್ನು ಬರೆಸಿದ ಮಾತ್ರಕ್ಕೆ ಅದು ನಮ್ಮದಾಗುವುದಿಲ್ಲ. ಅರ್ಥವೆಂಬುದು ಹೊರಗಿನಿಂದ ಅಂಟಿಸುವ ಚೀಟಿಯಲ್ಲ. ಮಾಡುವ ಕೆಲಸವು ನಮ್ಮಿಂದ ಪ್ರಶ್ನೆಗಳನ್ನು ಕೇಳಿಸುತ್ತದೆ. ಉತ್ತರ ಹುಡುಕುತ್ತ ನಾವು ನಮ್ಮ ಮನೆಯನ್ನೂ ನಮ್ಮವರನ್ನೂ ಹೊಸದಾಗಿ ಅರಿಯುತ್ತೇವೆ. ಆ ಅರಿವೇ ವಸ್ತುವಿನೊಳಗೆ ಸೇರಿ ಅದರ ಬೆಲೆಯಾಗುತ್ತದೆ.

ಹಾಗೆಂದು ಭಾವನೆಯೊಂದಿದ್ದರೆ ಸಾಕು, ಕೆಲಸ ಹೇಗಿದ್ದರೂ ಆದೀತು ಎಂದು ಯಾರೂ ತಿಳಿಯಬಾರದು. ಮಣ್ಣಿಗೆ ತನ್ನದೇ ಆದ ನಿಯಮವಿದೆ. ಒಣಗುವಾಗ ಅದು ಕುಗ್ಗುತ್ತದೆ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದರೆ ಕುಗ್ಗುವಿಕೆ ಸಮನಾಗದೆ ಸೀಳುತ್ತದೆ. ಪಸೆ ಉಳಿದ ಮಡಕೆಯನ್ನು ಅವಸರದಿಂದ ಬೆಂಕಿಗಿಟ್ಟರೆ ಒಳಗಿನ ನೀರು ಆವಿಯಾಗಿ ಹೊರಬೀಳುವ ರಭಸಕ್ಕೆ ಮಡಕೆ ಸಿಡಿಯುತ್ತದೆ. ಕಾವು ಸುಮಾರು 600 ಡಿಗ್ರಿ ಸೆಲ್ಸಿಯಸ್ ಮುಟ್ಟುವಷ್ಟರಲ್ಲಿ ಜೇಡಿಯ ಕಣಗಳಲ್ಲಿ ರಾಸಾಯನಿಕವಾಗಿ ಸೇರಿಕೊಂಡಿದ್ದ ನೀರೂ ಹೊರಟುಹೋಗುತ್ತದೆ. ಆಮೇಲೆ ಅದನ್ನು ಎಷ್ಟು ದಿನ ನೆನೆಸಿದರೂ ಮತ್ತೆ ಹಸಿಮಣ್ಣಾಗದು. ಸುಡುವ ಮೊದಲು ಎಷ್ಟು ಸಲ ಬೇಕಾದರೂ ತಿದ್ದಬಹುದು. ಸುಟ್ಟ ಮೇಲೆ ತಿದ್ದಲಾಗದು. ಅಜ್ಜಿಯ ಮೇಲಿನ ಪ್ರೀತಿ ದೊಡ್ಡದೆಂದು ಆವಿಗೆಯ ಬೆಂಕಿ ರಿಯಾಯಿತಿ ತೋರಿಸಲಿಲ್ಲ. ಪ್ರೀತಿಯು ಮಾಡಿದ ಕೆಲಸವೆಂದರೆ ಎರಡು ಸಲ ಒಡೆದರೂ ಮೂರನೆಯ ಸಲ ಮಣ್ಣು ನಾದುವಂತೆ ಮಾಡಿದ್ದು.

ಇದಕ್ಕೆ ಕೆಲವರು ಆಕ್ಷೇಪಗಳನ್ನು ಹೇಳುವುದುಂಟು. ಪರೀಕ್ಷೆಗೆ ಓದಬೇಕಾದ ಮಕ್ಕಳ ಕಾಲ ಹಾಳಾಗುತ್ತದೆ ಎಂಬುದು ಮೊದಲನೆಯದು. ಆದರೆ ಕಾವು, ಆವಿ, ಕುಗ್ಗುವಿಕೆ, ಆಕ್ಸೈಡುಗಳ ಬಣ್ಣ ಇವೆಲ್ಲವೂ ಪಠ್ಯಪುಸ್ತಕದ ವಿಷಯಗಳೇ ಅಲ್ಲವೇ? ಗಾಳಿ ಚೆನ್ನಾಗಿ ಆಡಿದ ಮಡಕೆ ಕಬ್ಬಿಣದ ಅಂಶದಿಂದ ಕೆಂಪಾಗುವುದನ್ನೂ, ಹೊಗೆಯಲ್ಲಿ ಮುಚ್ಚಿಟ್ಟದ್ದು ಕಪ್ಪಾಗುವುದನ್ನೂ ಕಣ್ಣಾರೆ ಕಂಡ ವಿದ್ಯಾರ್ಥಿಯು ಆ ಪಾಠವನ್ನು ಮರೆಯುವುದಿಲ್ಲ.

ಎಲ್ಲರೂ ಕಲಾವಿದರಾಗಲಾರರು ಎಂಬುದು ಎರಡನೆಯದು. ನಿಜ. ಆದರೆ ಎಲ್ಲರೂ ಕವಿಗಳಾಗುವುದಿಲ್ಲವೆಂದು ನಾವು ಪ್ರಬಂಧ ಬರೆಯಿಸುವುದನ್ನು ಬಿಟ್ಟಿದ್ದೇವೆಯೇ?

ಮೂರನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ. ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. ಮಣ್ಣು ತುಳಿಯುವುದು ಒಂದು ಜಾತಿಯವರ ಕೆಲಸ, ನಮ್ಮ ಮಕ್ಕಳಿಗೆ ಅದೇಕೆ ಎಂಬುದೇ ಆ ಆಕ್ಷೇಪ. ಇದು ನಮ್ಮ ನಾಡಿಗೆ ಒಪ್ಪುವ ಮಾತಲ್ಲ. ಮಡಕೆಯನ್ನು ತಟ್ಟುವ ನಾದಕ್ಕೆ ಶಿವನೇ ಕುಣಿದನೆಂದು ಹೆಸರಾದ ಶರಣ ಕುಂಬಾರ ಗುಂಡಯ್ಯನ ಕಥೆಯನ್ನು ಹರಿಹರ ಕವಿ ರಗಳೆಯಾಗಿ ಹಾಡಿದ್ದಾನೆ. ಗುಂಡಯ್ಯನು ಕಸುಬನ್ನು ಬದಿಗಿಟ್ಟು ಪೂಜೆ ಮಾಡಲಿಲ್ಲ; ಅವನ ಕಸುಬೇ ಪೂಜೆಯಾಗಿತ್ತು. ಕುಂಬಾರಿಕೆಯನ್ನು ಕೀಳೆಂದು ನೋಡುತ್ತಲೇ ಗುಂಡಯ್ಯನಿಗೆ ಕೈಮುಗಿಯುವುದು ನಮಗೆ ಗೌರವವೇ? ಇನ್ನೊಂದು ಮಾತು. ಶಾಲೆಯ ಮಕ್ಕಳು ಒಂದು ದಿನ ಮಣ್ಣು ಮುಟ್ಟಿದರೆ ಕುಂಬಾರರಾಗುವುದಿಲ್ಲ. ಅದು ತಲೆಮಾರುಗಳಿಂದ ಬಂದ ವಿದ್ಯೆ. ಆದರೆ ಆ ವಿದ್ಯೆ ಎಷ್ಟು ಕಠಿಣವಾದುದು ಎಂಬುದನ್ನು ಅವರು ತಿಳಿಯುತ್ತಾರೆ. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಎಂಬ ಗಾದೆಯ ಅರ್ಥ ಅಂದು ಅವರ ಬೆರಳುಗಳಿಗೆ ಗೊತ್ತಾಗುತ್ತದೆ. ಹಾಗೆ ಗೊತ್ತಾದವರು ಹಣತೆ ಮಾರುವ ಮುದುಕಿಯ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡಲಾರರು.

ಕೈಕೆಲಸಕ್ಕೆ ಶಿಕ್ಷಣದಲ್ಲಿ ಸ್ಥಾನವಿರಬೇಕೆಂಬುದು ಹೊಸ ಮಾತೇನೂ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ನಡೆದ ಸಮ್ಮೇಳನದಲ್ಲಿ ಗಾಂಧೀಜಿಯವರು ಕಸುಬಿನ ಮೂಲಕ ಕಲಿಸುವ ಮೂಲಶಿಕ್ಷಣವನ್ನು ದೇಶದ ಮುಂದಿಟ್ಟರು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವ ಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಹೆಸರಿನಲ್ಲಿ ಅದನ್ನೇ ಒತ್ತಿ ಹೇಳಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವತಂತ್ರ ಭಾರತದ ಕರಕುಶಲ ಕಲೆಗಳ ರಕ್ಷಣೆಗಾಗಿ ತಮ್ಮ ಬಾಳಿನ ಬಹುಭಾಗವನ್ನು ಸವೆಸಿದರು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಗ್ರಾಮೀಣ ಕುಂಬಾರಿಕೆಯ ತರಬೇತಿಗೆಂದೇ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಸಂಸ್ಥೆಯೊಂದಿದೆ. ವಿಚಾರಕ್ಕೆ ನಮ್ಮಲ್ಲಿ ಬಡತನವಿಲ್ಲ. ಆದರೆ ಶಾಲೆಯ ವೇಳಾಪಟ್ಟಿಯಲ್ಲಿ ಅಂಕಗಳಿಲ್ಲದ ಕೆಲಸಕ್ಕೆ ಸಿಗುವುದು ಕೊನೆಯ ಅವಧಿ ಮಾತ್ರ. ಪರೀಕ್ಷೆ ಹತ್ತಿರವಾದಂತೆ ಅದೂ ಸಿಗುವುದಿಲ್ಲ.

ಮಾಡಬೇಕಾದುದು ದೊಡ್ಡದೇನೂ ಅಲ್ಲ. ವರ್ಷಕ್ಕೊಮ್ಮೆ, ಬಿಸಿಲಿನ ತಿಂಗಳಿನಲ್ಲಿ, ಊರಿನ ಅಥವಾ ನೆರೆಯೂರಿನ ಕುಂಬಾರರೊಬ್ಬರನ್ನು ಶಾಲೆಗೆ ಗುರುವಾಗಿ ಕರೆಯಬೇಕು. ಗುರುವಿಗೆ ಸಲ್ಲಬೇಕಾದ ಮರ್ಯಾದೆಯನ್ನೂ ಸಂಭಾವನೆಯನ್ನೂ ಸಲ್ಲಿಸಬೇಕು. ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಗೆ ಸಂಬಂಧಿಸಿದ ಒಂದು ವಸ್ತುವನ್ನು ಮಾಡಬೇಕು. ಅವುಗಳಿಗೆ ಮೊದಲನೆಯ ಬಹುಮಾನ, ಎರಡನೆಯ ಬಹುಮಾನ ಎಂದು ಬೇಡ. ಒಡೆದವುಗಳನ್ನೂ ಉಳಿದವುಗಳ ಪಕ್ಕದಲ್ಲಿಯೇ ಇಡಬೇಕು; ಏಕೆ ಒಡೆಯಿತೆಂದು ಹೇಳಬಲ್ಲವನೂ ಕಲಿತವನೇ.

ವಿದ್ಯಾರ್ಥಿಮಿತ್ರರೇ, ಇದನ್ನು ಓದುವ ನಿಮ್ಮಲ್ಲಿ ಕೆಲವರ ಮನೆ ಕಾಫಿತೋಟದ ನಡುವೆ ಇರಬಹುದು, ಕೆಲವರದು ಬಯಲುಸೀಮೆಯಲ್ಲಿ, ಕೆಲವರದು ಪಟ್ಟಣದ ಓಣಿಯಲ್ಲಿ. ಎಲ್ಲಿದ್ದರೂ ನಿಮ್ಮ ಕಾಲಕೆಳಗೆ ಮಣ್ಣಿದೆ. ನಿಮ್ಮ ಮನೆಯಲ್ಲಿ ಹಳೆಯದನ್ನು ಬಲ್ಲ ಹಿರಿಯರೊಬ್ಬರು ಇದ್ದಾರು. ಮೊದಲು ಮಾಡಬೇಕಾದುದೇನೆಂದು ಅವರನ್ನು ಕೇಳಿರಿ. ಆಮೇಲೆ ಕೈ ಮಣ್ಣಾಗಲಿ. ಬಾಯಿ ವಾಲಿದರೂ ಚಿಂತೆಯಿಲ್ಲ, ತಳ ಮಾತ್ರ ನೆಟ್ಟಗಿರಲಿ.