ಕಾರು ಹೊರಳಿದಾಗ ಗರಗರ ಸದ್ದು

ಜತ್ತ, ಅಕ್ಕಲಕೋಟೆಗಳ ಕಡೆ ರೈತಬಾಂಧವರಲ್ಲಿ ಹಲವರು ಹಳೆಯ ಕಾರು ಕೊಂಡಿದ್ದಾರೆ. ತಿರುವಿನಲ್ಲಿ ಅದು ಗರಗರ ಎಂದೊಡನೆ ಮೇಸ್ತ್ರಿಯು ಬಿಡಿಭಾಗಗಳ ಪಟ್ಟಿ ಬರೆಯುವನು. ನಮ್ಮವರು ಮರುಮಾತಿಲ್ಲದೆ ಹಣ ಎಣಿಸುವರು. ಇದು ಸಲ್ಲದೆಂದು ನಮ್ಮ ಅಭಿಪ್ರಾಯ. ಎತ್ತು ಕುಂಟಿದರೆ ಗೊರಸು ನೋಡದೆ ಔಷಧಿ ಕೊಳ್ಳುತ್ತೇವೆಯೆ?

ಓಡುವ ಕಾರು ಬಲಕ್ಕೆ ಹೊರಳಿದಾಗ ಭಾರವು ಎಡಗಾಲಿಗಳ ಮೇಲೆ ಬೀಳುತ್ತದೆ. ಆಗ ಸದ್ದು ಹೆಚ್ಚಿದರೆ ಎಡಗಡೆಯ ಬೇರಿಂಗ್ ಸವೆದಿರುವ ಸಂಭವವೇ ಹೆಚ್ಚು; ಎಡಕ್ಕೆ ಹೊರಳಿದಾಗ ಹೆಚ್ಚಿದರೆ ಬಲಗಡೆಯದು. ಜಾಕಿನಿಂದ ಎತ್ತಿ, ಕೆಳಗೆ ಭದ್ರವಾದ ಆಸರೆ ಕೊಟ್ಟು, ಗಾಲಿಯನ್ನು ಕೈಯಿಂದ ತಿರುಗಿಸಿರಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿರಿ. ಒರಟಾಗಿ ತಿರುಗಿ ಸದ್ದು ಮಾಡಿದರೆ ಬೇರಿಂಗ್ ಬದಲಿಸಲೇಬೇಕು. ಇಲ್ಲಿ ಜಿಪುಣತನ ಬೇಡ. ಓಡುವಾಗ ಗಾಲಿಯೇ ಹಿಡಿದುಕೊಂಡೀತು.

ಸ್ಟಿಯರಿಂಗ್ ಪೂರ್ತಿ ತಿರುವಿದಾಗ ಟಕಟಕ ಎಂದರೆ ಮುಂದಿನ ಆಕ್ಸಲಿನ ಕೀಲನ್ನು ಶಂಕಿಸಬೇಕು. ಅದರ ರಬ್ಬರ್ ಚೀಲ ಹರಿದರೆ ಗ್ರೀಸ್ ಸೋರಿ ಧೂಳು ಹೊಗುತ್ತದೆ. ಸದ್ದು ಹುಟ್ಟುವ ಮುನ್ನವೇ ಕಂಡುಕೊಂಡರೆ ಚೀಲ, ಗ್ರೀಸಿನ ಖರ್ಚಿನಲ್ಲೇ ಮುಗಿದೀತು.

ನಮ್ಮ ಗರಸಿನ ರಸ್ತೆಗಳಲ್ಲಿ ಬ್ರೇಕಿನ ತಟ್ಟೆಗೂ ಅದರ ಹಿಂದಿನ ತಗಡಿಗೂ ನಡುವೆ ಹರಳು ಸಿಕ್ಕುವುದೂ ಉಂಟು. ಅದನ್ನು ತೆಗೆಯಲು ಬಿಡಿಭಾಗವೇಕೆ?

ಏನನ್ನೇ ಬದಲಿಸಲಿ, ಹಳೆಯದನ್ನು ಕೈಗೆ ಕೊಡಬೇಕೆಂದು ಮೇಸ್ತ್ರಿಗೆ ಮೊದಲೇ ಹೇಳಿರಿ.